ನಿಮ್ಮ ಹಾಜರಿ ಕರೆಯುವವರು ಯಾರು? ಪರದೇಶಕ್ಕೆ ಹೊರಟ ಮುಂಬಯಿ ಕನ್ನಡಿಗರಿಗೆ

ನನ್ನ ನಾದಿನಿಯ ಮಗಳು ಮುಂದಿನ ತಿಂಗಳು ಟೊರಾಂಟೊಗೆ ಹೊರಟಿದ್ದಾಳೆ. ಕಳೆದ ಭಾನುವಾರ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ಎರಡು ಪುಟದ ಪಟ್ಟಿ. ಕುಕ್ಕರ್, ಲಟ್ಟಣಿಗೆ, ಐದು ಕಿಲೋ ಕುಚ್ಚಲಕ್ಕಿ, ಥರ್ಮಲ್, ಜ್ವರದ ಮಾತ್ರೆ. "ಅತ್ತೆ, ಏನಾದರೂ ಬಿಟ್ಟುಹೋಗಿದೆಯಾ ನೋಡಿ" ಅಂದಳು. ಸಾಮಾನಿನ ಮಟ್ಟಿಗೆ ಏನೂ ಬಿಟ್ಟುಹೋಗಿರಲಿಲ್ಲ. ನಾನು ಅವಳ ಕೈಗೆ ಇನ್ನೊಂದು ಹಾಳೆ ಕೊಟ್ಟೆ. "ನೀನು ಎರಡು ದಿನ ಕಾಣದಿದ್ದರೆ ಯಾರು ಯಾರು ವಿಚಾರಿಸುತ್ತಾರೆ? ಅವರ ಹೆಸರೆಲ್ಲ ಬರೆ" ಅಂದೆ.

ಬರೆಯುತ್ತಾ ಹೋದಳು. ಮನೆಯವರು, ಆಫೀಸಿನ ಇಬ್ಬರು, ಕೆಳಗಿನ ವಾಚ್‌ಮನ್, ಇಸ್ತ್ರಿಯವನು, ದಿನಾ ಲೋಕಲ್ ರೈಲಿನ ಒಂದೇ ಡಬ್ಬದಲ್ಲಿ ಹತ್ತುವ ಐದು ಜನ. ಹದಿನೇಳು ಹೆಸರಾಯಿತು. ಹಾಳೆಯನ್ನು ಮಡಚಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೋ ಅಂದೆ.

ನೀವೂ ಹೊರಡುವವರಾದರೆ ಮೊದಲು ಈ ಕೆಲಸ ಮಾಡಿ. ಯಾಕೆ ಅಂತ ನನ್ನ ಕತೆಯಿಂದಲೇ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿ ಪೂರ್ವದಲ್ಲಿ. ಊರು ಕುಂದಾಪುರದ ಹತ್ತಿರ. ಫೋರ್ಟಿನ ಒಂದು ಆಫೀಸಿನಲ್ಲಿ ಹದಿನಾಲ್ಕು ವರ್ಷ ಅಕೌಂಟ್ಸ್ ನೋಡಿಕೊಂಡೆ. 2012ರ ಸೆಪ್ಟೆಂಬರಿನಲ್ಲಿ ಗಂಡ, ಏಳು ವರ್ಷದ ಮಗಳು ಮತ್ತು ನಾನು ಕೆನಡಾದ ಮಿಸಿಸಾಗಾಕ್ಕೆ ಹೋದೆವು. ಟೊರಾಂಟೊದ ಪಕ್ಕದ ಊರು ಅದು. ಹನ್ನೊಂದು ವರ್ಷ ಅಲ್ಲಿದ್ದೆ. 2023ರ ಅಕ್ಟೋಬರಿನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬಂದವಳು ಇಲ್ಲೇ ಉಳಿದೆ. ಮಗಳು ಅಲ್ಲೇ ಓದುತ್ತಿದ್ದಾಳೆ, ಅವಳ ಅಪ್ಪ ಅವಳ ಜೊತೆ ಇದ್ದಾರೆ. ಹಾಗಾಗಿ ವಿಡಿಯೋ ಕಾಲಿನ ಎರಡೂ ತುದಿಯಲ್ಲಿ ಕೂತವಳು ನಾನು.

ಹೋದ ಹೊಸತರಲ್ಲಿ ಏನೋ ಕಳೆದುಕೊಂಡ ಹಾಗೆ ಆಗುತ್ತಿತ್ತು. ಅಮ್ಮನ ನೆನಪು ಅಂದುಕೊಂಡೆ. ಊಟದ ನೆನಪು ಅಂದುಕೊಂಡೆ. ಅದಲ್ಲ ಅಂತ ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು. ನಾನು ಕಳೆದುಕೊಂಡದ್ದು ಬೆಳಗಿನ ಸಿಎಸ್‌ಟಿ ಫಾಸ್ಟ್ ಲೋಕಲಿನ ಲೇಡೀಸ್ ಡಬ್ಬ. ನಾವು ಆರು ಜನ. ಒಬ್ಬಳು ಬಟಾಣಿ ಸುಲಿಯುತ್ತಿದ್ದಳು, ಒಬ್ಬಳು ನಿಂತೇ ನಿದ್ದೆ ಮಾಡುತ್ತಿದ್ದಳು, ಠಾಣೆಯಲ್ಲಿ ಹತ್ತುವವಳು ಎಲ್ಲರಿಗೂ ಒಂದೊಂದು ಮೊಳ ಮಲ್ಲಿಗೆ ತರುತ್ತಿದ್ದಳು. ಅವರಲ್ಲಿ ಇಬ್ಬರ ಮನೆ ಎಲ್ಲಿ ಅಂತಲೂ ನನಗೆ ಗೊತ್ತಿರಲಿಲ್ಲ. ಆದರೆ ಒಂದು ದಿನ ನಾನು ಹತ್ತದಿದ್ದರೆ ಘಾಟ್ಕೋಪರ್ ಬರುವುದರೊಳಗೆ ಫೋನ್ ಬರುತ್ತಿತ್ತು. "ಕಾಯ್ ಝಾಲಂ? ಬರಿ ಆಹೇಸ್ ನಾ?" ಏನಾಯಿತು, ಹುಷಾರಾಗಿದ್ದೀಯಲ್ಲ ಅಂತ.

ನಮ್ಮ ಅಪ್ಪಯ್ಯನಿಗೂ ಇದು ಗೊತ್ತಿತ್ತು. 1961ರಲ್ಲಿ, ಹದಿಮೂರನೇ ವಯಸ್ಸಿಗೆ ಊರಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದವರು. ರಾತ್ರಿ ಹೋಟೆಲಿನ ಅಟ್ಟದಲ್ಲೇ ಮಲಗುವುದು. ಎರಡು ಸಲ ಓಡಿಹೋಗಬೇಕು ಅಂತ ಗಂಟು ಕಟ್ಟಿದ್ದರಂತೆ. ಆಮೇಲೆ ಕನ್ನಡ ರಾತ್ರಿ ಶಾಲೆಗೆ ಸೇರಿದರು. ಒಮ್ಮೆ ಜ್ವರ ಬಂದು ಎರಡು ದಿನ ಹೋಗಲಿಲ್ಲ. ಮೂರನೇ ದಿನ ಮಾಸ್ತರರೇ ಹುಡುಕಿಕೊಂಡು ಹೋಟೆಲಿಗೆ ಬಂದರು. "ಹಾಜರಿ ಕರೆದೆ, ನೀನು ಇರಲಿಲ್ಲ" ಅಂದರಂತೆ. ಆ ದಿನದಿಂದ ಮುಂಬಯಿ ನನಗೆ ಪರಊರು ಅನ್ನಿಸಲಿಲ್ಲ ಅಂತ ಅಪ್ಪಯ್ಯ ಯಾವಾಗಲೂ ಹೇಳುತ್ತಿದ್ದರು.

ಹೊಸ ದೇಶದಲ್ಲಿ ನೀವು ಮಾಡಬೇಕಾದ ದೊಡ್ಡ ಕೆಲಸ ಇದೇ. ನಿಮ್ಮ ಹಾಜರಿ ಕರೆಯುವವರನ್ನು ಮತ್ತೆ ಒಬ್ಬೊಬ್ಬರಾಗಿ ಸಂಪಾದಿಸುವುದು. ಕಾಗದಪತ್ರ, ಬ್ಯಾಂಕು, ಕೋಟು ಎಲ್ಲ ಬೇಕು. ಅದನ್ನೂ ಹೇಳುತ್ತೇನೆ.

ಹೊರಡುವ ಮೊದಲು

ಓದಿನ ಕಾಗದಕ್ಕೆ ಬೇಗ ಕೈ ಹಾಕಿ. ನೀವು ಮುಂಬಯಿ ವಿಶ್ವವಿದ್ಯಾಲಯದವರಾದರೆ ಟ್ರಾನ್‌ಸ್ಕ್ರಿಪ್ಟಿಗಾಗಿ ಮೊದಲೇ ಅರ್ಜಿ ಹಾಕಿ. ಕೆನಡಾಕ್ಕೆ ಹೋದ ಮೇಲೆ ಇಲ್ಲಿಂದ ತರಿಸಿಕೊಳ್ಳುವುದು ಕಷ್ಟವಾಗಬಹುದು. ಎರಡು ಮೂರು ಪ್ರತಿ ಜಾಸ್ತಿಯೇ ತೆಗೆದುಕೊಳ್ಳಿ. ಕಾರು ಓಡಿಸುವವರಾದರೆ ಲೈಸೆನ್ಸ್ ಯಾವ ವರ್ಷದಿಂದ ಇದೆ ಅಂತ ಆರ್‌ಟಿಓದಿಂದ ಪತ್ರ ಬರೆಸಿಕೊಳ್ಳಿ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಬರವಣಿಗೆ ಪರೀಕ್ಷೆ ಪಾಸಾದ ಮೇಲೆ ರೋಡ್ ಟೆಸ್ಟಿಗೆ ಕಾಯುವ ಅವಧಿ ಕಡಿಮೆ ಮಾಡಿಸಲು ಹಳೆಯ ಅನುಭವದ ದಾಖಲೆ ಕೇಳುತ್ತಾರೆ. ಮಕ್ಕಳಿದ್ದರೆ ಲಸಿಕೆಯ ಕಾರ್ಡು ಬೇಕೇ ಬೇಕು, ಶಾಲೆಗೆ ಸೇರಿಸುವಾಗ ಮೊದಲು ಅದೇ.

ಹಲ್ಲು, ಕನ್ನಡಕ ಇಲ್ಲೇ ಮುಗಿಸಿ. ಅಲ್ಲಿನ ಸರಕಾರಿ ಆರೋಗ್ಯ ವಿಮೆ ಡಾಕ್ಟರಿಗೆ, ಆಸ್ಪತ್ರೆಗೆ ಆಗುತ್ತದೆ. ದೊಡ್ಡವರ ಹಲ್ಲಿನ ಕೆಲಸಕ್ಕೂ ಕನ್ನಡಕಕ್ಕೂ ಅದು ಬರುವುದಿಲ್ಲ.

ಬ್ಯಾಂಕಿಗೆ ಹೋಗಿ ಹೇಳಿ. ಅನಿವಾಸಿ ಆದ ಮೇಲೆ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಖಾತೆಯಾಗಿ ಬದಲಾಯಿಸಬೇಕು, ಹಾಗೇ ಬಿಡುವಂತಿಲ್ಲ. ಮತ್ತೊಂದು ಮಾತು. ಇಲ್ಲಿನ ಮೊಬೈಲ್ ನಂಬರನ್ನು ಬಿಡಬೇಡಿ. ಬ್ಯಾಂಕು, ಆಧಾರ್, ಟ್ಯಾಕ್ಸ್ ಎಲ್ಲದರ ಓಟಿಪಿ ಅದಕ್ಕೇ ಬರುವುದು. ರೀಚಾರ್ಜ್ ನಿಲ್ಲಿಸಿದರೆ ನಂಬರ್ ಕೈಬಿಡುತ್ತದೆ, ಆಮೇಲೆ ಪರದಾಟ.

ಕುಚ್ಚಲಕ್ಕಿ ಹೊತ್ತುಕೊಂಡು ಹೋಗಬೇಡಿ. ಮಿಸಿಸಾಗಾ, ಬ್ರಾಂಪ್ಟನ್, ಸ್ಕಾರ್ಬರೋ ಕಡೆ ಶ್ರೀಲಂಕಾ ತಮಿಳರ, ಕೇರಳದವರ ಅಂಗಡಿಗಳಲ್ಲಿ ಕೆಂಪು ಅಕ್ಕಿ, ಕರಿಬೇವು, ಫ್ರೋಜನ್ ತೆಂಗಿನತುರಿ, ಬಂಗುಡೆ ಎಲ್ಲ ಸಿಗುತ್ತದೆ. ಆ ತೂಕದಲ್ಲಿ ಮಾಟುಂಗದಿಂದ ಒಳ್ಳೆಯ ಬ್ಯಾಡಗಿ ಮೆಣಸು ತೆಗೆದುಕೊಂಡು ಹೋಗಿ. ಚಳಿಯ ಕೋಟು, ಬೂಟು ಇಲ್ಲಿ ಕೊಳ್ಳಬೇಡಿ. ನಾನು ಇಲ್ಲಿ ಕೊಂಡ ದಪ್ಪ ಜಾಕೆಟ್ ನವೆಂಬರ್ ದಾಟಲಿಲ್ಲ.

ಮೊದಲ ವಾರಗಳು

ಮೊದಲು ಸರ್ವಿಸ್ ಕೆನಡಾ ಕಚೇರಿಗೆ ಹೋಗಿ ಸಿನ್ ನಂಬರ್ ಮಾಡಿಸಿ. ಒಂಬತ್ತು ಅಂಕಿಯ ನಂಬರ್. ಇದಿಲ್ಲದೆ ಸಂಬಳದ ಕೆಲಸ ಇಲ್ಲ. ಒಂದು ಪೈಸೆಯೂ ಖರ್ಚಿಲ್ಲ, ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಆಮೇಲೆ ಬ್ಯಾಂಕ್ ಖಾತೆ, ಆಮೇಲೆ ಆರೋಗ್ಯದ ಕಾರ್ಡು. ನಾವು ಹೋದಾಗ ಒಂಟಾರಿಯೊ ಸರಕಾರದ ಆರೋಗ್ಯ ವಿಮೆಯಾದ ಓಹಿಪ್‌ಗೆ ಮೂರು ತಿಂಗಳು ಕಾಯಬೇಕಿತ್ತು. 2020ರ ಮಾರ್ಚಿನಲ್ಲಿ ಆ ಕಾಯುವಿಕೆಯನ್ನು ತೆಗೆದರು. ಓದಲು ಹೋಗುವ ಮಕ್ಕಳಿಗೆ ಓಹಿಪ್ ಇಲ್ಲ, ಕಾಲೇಜಿನ ವಿಮೆಯೇ ಗತಿ, ಅದರಲ್ಲಿ ಏನು ಸೇರಿದೆ ಅಂತ ಕಾಯಿಲೆ ಬೀಳುವ ಮೊದಲೇ ಓದಿಕೊಳ್ಳಿ.

ಮನೆ ಹಿಡಿಯುವಾಗ ಮುಂಬಯಿಯ ಡಿಪಾಸಿಟ್ ಲೆಕ್ಕ ಮರೆತುಬಿಡಿ. ಒಂಟಾರಿಯೊದಲ್ಲಿ ಮಾಲೀಕರು ಮುಂಗಡ ಅಂತ ತೆಗೆದುಕೊಳ್ಳಬಹುದಾದದ್ದು ಕೊನೆಯ ತಿಂಗಳ ಬಾಡಿಗೆ ಮಾತ್ರ. ಮನೆ ಕಣ್ಣಾರೆ ನೋಡದೆ, ಇಲ್ಲಿಂದಲೇ ದುಡ್ಡು ಕಳಿಸಿ ಮೋಸಹೋದವರನ್ನು ನಾನು ಕಂಡಿದ್ದೇನೆ. ಮೊದಲ ಎರಡು ವಾರಕ್ಕೆ ಒಂದು ರೂಮು ಸಾಕು. ನಂತರ ಕಾಲ್ನಡಿಗೆಯಲ್ಲಿ ಲೈಬ್ರರಿ, ಬಸ್ ಸ್ಟಾಪ್, ದಿನಸಿ ಅಂಗಡಿ ಇರುವ ಜಾಗ ಹುಡುಕಿ. ನೂರು ಡಾಲರ್ ಜಾಸ್ತಿ ಆದರೂ ಪರವಾಗಿಲ್ಲ. ಕಾರಿಲ್ಲದ ಮೊದಲ ಚಳಿಗಾಲದಲ್ಲಿ ಆ ನೂರು ಡಾಲರಿನ ಬೆಲೆ ಗೊತ್ತಾಗುತ್ತದೆ.

ನಾವು ಹೋದ ಹೊಸತರಲ್ಲಿ ಒಂದು ಕೆನಡಾ ಡಾಲರಿಗೆ ಐವತ್ತಮೂರು, ಐವತ್ತನಾಲ್ಕು ರೂಪಾಯಿ. ನಾನು ಎಲ್ಲವನ್ನೂ ರೂಪಾಯಿಗೆ ಬದಲಾಯಿಸಿ ನೋಡುತ್ತಿದ್ದೆ. ಕೊತ್ತಂಬರಿ ಕಟ್ಟು ಎಂಬತ್ತು ರೂಪಾಯಿ ಅಂತ ವಾಪಸ್ ಇಟ್ಟು ಬಂದಿದ್ದೇನೆ. ಹಾಗೆ ಮಾಡಿದರೆ ಊಟ ಸೊರಗುತ್ತದೆ, ಮನಸ್ಸೂ ಸೊರಗುತ್ತದೆ. ಸಂಬಳ ಬರಲು ಶುರುವಾದ ದಿನದಿಂದ ಈ ಲೆಕ್ಕ ಬಿಡಿ. ಮನೆಗೆ ಕಳಿಸುವಾಗ ಮಾತ್ರ ರೂಪಾಯಿ ಲೆಕ್ಕ ಹಾಕಿ.

ಇನ್ನೊಂದು, ಆದಾಯ ಇಲ್ಲದಿದ್ದರೂ ಏಪ್ರಿಲ್ 30ರೊಳಗೆ ಟ್ಯಾಕ್ಸ್ ರಿಟರ್ನ್ ಹಾಕಿ. ಕಡಿಮೆ ಆದಾಯದವರಿಗೆ ಬರುವ ಸರಕಾರದ ಹಣ, ಮಕ್ಕಳ ಭತ್ಯೆ ಎಲ್ಲ ಅದರ ಮೇಲೆಯೇ ನಿಂತಿದೆ. ಹೊಸಬರು ಇದನ್ನು ಬಿಟ್ಟು ನಷ್ಟ ಮಾಡಿಕೊಳ್ಳುವುದನ್ನು ಅಕೌಂಟ್ಸಿನವಳಾಗಿ ತುಂಬಾ ನೋಡಿದ್ದೇನೆ.

ಚಳಿ, ಕತ್ತಲೆ, ತೆಂಗಿನೆಣ್ಣೆ

ಅಕ್ಟೋಬರಿನ ಒಂದು ಬೆಳಿಗ್ಗೆ ಮಗಳ ತಲೆಗೆ ಎಣ್ಣೆ ಹಚ್ಚಲು ಪ್ಯಾರಾಶೂಟ್ ಬಾಟಲಿ ತೆಗೆದೆ. ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ಒಳಗೆ ಬೆಳ್ಳಗೆ ಮೇಣದ ಹಾಗೆ ಕೂತಿತ್ತು. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ ಅಂತ ಓದಿದ್ದೆ, ಡೊಂಬಿವಲಿಯಲ್ಲಿ ಕಣ್ಣಾರೆ ಕಂಡದ್ದು ಕಡಿಮೆ. ಚಮಚದ ಹಿಡಿಯಿಂದ ಕೆರೆದು, ಅಂಗೈಯಲ್ಲಿ ತಿಕ್ಕಿ ಕರಗಿಸಿ ಹಚ್ಚಿದೆ. ಆಮೇಲೆ ಅಗಲ ಬಾಯಿಯ ಗಾಜಿನ ಭರಣಿಗೆ ಸುರಿದಿಟ್ಟೆ. ಸ್ನಾನಕ್ಕೆ ಹತ್ತು ನಿಮಿಷ ಮೊದಲು ಬಿಸಿನೀರಿನ ಪಾತ್ರೆಯಲ್ಲಿ ಭರಣಿ ಇಟ್ಟರೆ ಸರಿಯಾಗುತ್ತದೆ. ನೀವೂ ಹಾಗೇ ಮಾಡಿ. ಮನೆಯೊಳಗೆ ಹೀಟರಿನ ಗಾಳಿಗೆ ಚರ್ಮ ಒಡೆಯುತ್ತದೆ, ಮೂಗಿನಲ್ಲಿ ರಕ್ತವೂ ಬರಬಹುದು. ಒಂದು ಹ್ಯೂಮಿಡಿಫೈಯರ್ ಕೊಂಡುಕೊಳ್ಳಿ.

ದೋಸೆ ಹಿಟ್ಟು ಹುಳಿ ಬರುವುದಿಲ್ಲ ಅಂತ ಎಲ್ಲರೂ ಗೋಳಾಡುತ್ತಾರೆ. ಓವನ್ ಹಚ್ಚಬೇಡಿ. ಅದರೊಳಗಿನ ದೀಪ ಮಾತ್ರ ಹಾಕಿ ಹಿಟ್ಟಿನ ಪಾತ್ರೆ ಒಳಗಿಡಿ. ಹನ್ನೆರಡು, ಹದಿನಾಲ್ಕು ಗಂಟೆಗೆ ಉಬ್ಬಿ ಬರುತ್ತದೆ. ಒಗ್ಗರಣೆಗೆ ಸಾಸಿವೆ ಸಿಡಿಸುವ ಮೊದಲು ಫ್ಯಾನ್ ಹಾಕಿ, ಕಿಟಕಿ ಸ್ವಲ್ಪ ತೆರೆಯಿರಿ. ಹೊಗೆಯ ಅಲಾರಂ ಕೂಗಿದರೆ ಅದರ ಬ್ಯಾಟರಿ ಕಿತ್ತುಹಾಕಬೇಡಿ. ಅದು ಕಾನೂನಿಗೂ ತಪ್ಪು, ಜೀವಕ್ಕೂ ಅಪಾಯ.

ಬಟ್ಟೆ ಪದರ ಪದರವಾಗಿ ಹಾಕಿ. ಮೈಗೆ ತಾಗುವ ಪದರ ಹತ್ತಿಯದು ಬೇಡ, ಬೆವರು ಹಿಡಿದಿಟ್ಟು ತಣ್ಣಗಾಗುತ್ತದೆ. ನೆಲದ ಮೇಲೆ ಕಾಣದ ಹಾಗೆ ಮಂಜುಗಡ್ಡೆ ಇರುತ್ತದೆ. ಅಂಗಾಲು ಪೂರ್ತಿ ಊರಿ, ಸಣ್ಣ ಹೆಜ್ಜೆ ಇಡಿ.

ಚಳಿಗಿಂತ ಕಷ್ಟ ಕತ್ತಲೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕು ಮುಕ್ಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಮಧ್ಯಾಹ್ನ ಊಟ ಆದ ಕೂಡಲೇ ಇಪ್ಪತ್ತು ನಿಮಿಷ ಹೊರಗೆ ನಡೆಯಿರಿ. ಮೈನಸ್ ಹತ್ತು ಇದ್ದರೂ ನಡೆಯಿರಿ. ಆ ಬೆಳಕು ತಪ್ಪಿದರೆ ಆ ದಿನಕ್ಕೆ ಮತ್ತೆ ಬೆಳಕಿಲ್ಲ.

ನನ್ನ ಮೊದಲ ಫೆಬ್ರವರಿ

2013ರ ಫೆಬ್ರವರಿ. ಗಂಡನಿಗೆ ಕೆಲಸ ಸಿಕ್ಕಿತ್ತು, ಮಗಳು ಶಾಲೆಗೆ. ನಾನು ಒಬ್ಬಳೇ ಮನೆಯಲ್ಲಿ. ಬೆಳಿಗ್ಗೆ ಅವರನ್ನು ಕಳಿಸಿ ಮತ್ತೆ ಹಾಸಿಗೆಗೆ ಹೋಗುತ್ತಿದ್ದೆ. ತಲೆ ಬಾಚುತ್ತಿರಲಿಲ್ಲ. ಸಂಜೆ ಅವರು ಬರುವ ಹೊತ್ತಿಗೆ ಎದ್ದು ಮುಖ ತೊಳೆದು ಏನೂ ಆಗದ ಹಾಗೆ ಚಾ ಇಡುತ್ತಿದ್ದೆ. ಡೊಂಬಿವಲಿಯ ಜೊತೆ ದಿನಾ ಎರಡು ಮೂರು ಗಂಟೆ ಸ್ಕೈಪ್. ನಮ್ಮ ಬಿಲ್ಡಿಂಗಿನಲ್ಲಿ ಯಾವ ಮನೆಗೆ ನೀರು ಬಂದಿಲ್ಲ ಅಂತ ನನಗೆ ಗೊತ್ತಿತ್ತು. ಮಿಸಿಸಾಗಾದ ಪಕ್ಕದ ಬಾಗಿಲಿನವರ ಹೆಸರು ಗೊತ್ತಿರಲಿಲ್ಲ.

ಒಂದು ದಿನ ಅಮ್ಮ ಕೇಳಿದರು. "ಎಂತದು ಮಗಾ, ನಿನ್ನ ಹಿಂದಿನ ಪರದೆ ಮೂರು ವಾರದಿಂದ ಸರಿಸಿದ್ದೇ ಇಲ್ಲ?" ಪರದೆಯ ಮೇಲೆ ನೀಲಿ ಹೂವು ಇತ್ತು. ಅಮ್ಮ ಅದನ್ನೇ ದಿನಾ ನೋಡುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ಗಂಡ ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಿದ್ದೆ, ಹಸಿವು, ಅಳು ಎಲ್ಲ ಕೇಳಿದರು. ಇದು ಕಾಯಿಲೆ, ವಾಸಿಯಾಗುತ್ತದೆ ಅಂದರು. ನಾನು ಸೋಮಾರಿ ಆಗಿಬಿಟ್ಟಿದ್ದೇನೆ ಅಂತ ಅಂದುಕೊಂಡಿದ್ದೆ. ಆ ಒಂದು ಮಾತಿನಿಂದ ಎದೆಯ ಭಾರ ಅರ್ಧ ಇಳಿಯಿತು. ಎರಡು ವಾರಕ್ಕಿಂತ ಜಾಸ್ತಿ ಹೀಗೆ ಇದ್ದರೆ ಡಾಕ್ಟರ ಹತ್ತಿರ ಹೋಗಿ, ಅವರ ಫೀಸು ಓಹಿಪ್‌ನಲ್ಲಿ ಬರುತ್ತದೆ. ಬದುಕೇ ಬೇಡ ಅನ್ನಿಸುವ ರಾತ್ರಿ ಬಂದರೆ ಕೆನಡಾದಲ್ಲಿ 988ಕ್ಕೆ ಕರೆ ಮಾಡಿ, ಇಲ್ಲ ಮೆಸೇಜ್ ಕಳಿಸಿ. ಹಗಲು ರಾತ್ರಿ ಯಾರಾದರೂ ಇರುತ್ತಾರೆ. ಈ ಸೇವೆ 2023ರ ನವೆಂಬರ್ ಕೊನೆಯಲ್ಲಿ ಶುರುವಾಯಿತು. ಇಲ್ಲಿ ಉಳಿದ ಅಪ್ಪ ಅಮ್ಮನಿಗೂ ಒಂಟಿತನ ಕಾಡುತ್ತದೆ. ಅವರ ಫೋನಿನಲ್ಲಿ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸೇವ್ ಮಾಡಿಕೊಟ್ಟು ಹೊರಡಿ. ಪುಕ್ಕಟೆ, ಕನ್ನಡದಲ್ಲೂ ಮಾತಾಡಬಹುದು.

ಡಾಕ್ಟರು ದಿನಾ ಒಮ್ಮೆ ಮನೆಯಿಂದ ಹೊರಗೆ ಹೋಗಲೇಬೇಕು ಅಂದಿದ್ದರು. ಎಲ್ಲಿಗೆ ಹೋಗಲಿ? ಬೆಚ್ಚಗಿರುವ, ದುಡ್ಡು ಕೇಳದ ಜಾಗ ಲೈಬ್ರರಿ ಒಂದೇ. ವಿಳಾಸದ ಪುರಾವೆ ತೋರಿಸಿದರೆ ಕಾರ್ಡು ಪುಕ್ಕಟೆ. ಅಲ್ಲಿ ಗುರುವಾರ ಬೆಳಿಗ್ಗೆ ಹೊಸಬರಿಗಾಗಿ ಇಂಗ್ಲಿಷ್ ಮಾತಾಡುವ ಗುಂಪು ಕೂಡುತ್ತಿತ್ತು. ನನಗೆ ಇಂಗ್ಲಿಷ್ ಬರುತ್ತದೆ, ಆದರೂ ಕೂತೆ. ದುಂಡಗಿನ ಮೇಜು, ಎಂಟು ಕುರ್ಚಿ. ಕಿಟಕಿಯ ಪಕ್ಕದ ಕುರ್ಚಿ ನನ್ನದಾಯಿತು. ಎದುರಿಗೆ ಜಾಫ್ನಾದ ಒಬ್ಬ ಅಜ್ಜಿ, ಯಾವಾಗಲೂ ಕೆಂಪು ಉಣ್ಣೆಯ ಟೋಪಿ.

ಐದನೇ ವಾರವೋ ಆರನೇ ವಾರವೋ ನಾನು ಹೋಗಲಿಲ್ಲ. ಮಗಳಿಗೆ ಹೊಟ್ಟೆನೋವಿತ್ತು. ಮುಂದಿನ ಗುರುವಾರ ಬಾಗಿಲು ತೆಗೆಯುತ್ತಿದ್ದ ಹಾಗೆ ಅಜ್ಜಿ ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ಕೇಳಿದರು. "ಹೋದ ವಾರ ನಿನ್ನ ಕುರ್ಚಿ ಖಾಲಿ ಇತ್ತು. ಜ್ವರವಾ?" ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಕೊಟ್ಟರು. ಅದರಲ್ಲಿ ಎಳ್ಳುಂಡೆ ಇತ್ತು. ಹೋದ ವಾರ ನನಗಾಗಿ ತಂದದ್ದು, ವಾಪಸ್ ತೆಗೆದುಕೊಂಡು ಹೋಗಿ, ಮತ್ತೆ ತಂದಿದ್ದರು.

ಆ ದಿನ ಮನೆಗೆ ಬಂದು ಒಂದು ಹಾಳೆ ತೆಗೆದೆ. ಎಡಗಡೆ ಡೊಂಬಿವಲಿಯಲ್ಲಿ ನನ್ನನ್ನು ವಿಚಾರಿಸುತ್ತಿದ್ದವರ ಪಟ್ಟಿ ಬರೆದೆ. ಬಲಗಡೆ ಮಿಸಿಸಾಗಾ ಅಂತ ಬರೆದು ಅಜ್ಜಿಯ ಹೆಸರು ಹಾಕಿದೆ. ಎರಡನೇ ವರ್ಷದ ಕೊನೆಗೆ ಅಲ್ಲಿ ಒಂಬತ್ತು ಹೆಸರಿದ್ದವು.

ಇದನ್ನು ಹೇಗೆ ಮಾಡುವುದು ಅಂತ ಬಿಡಿಸಿ ಹೇಳುತ್ತೇನೆ. ಗೆಳೆಯರನ್ನು ಹುಡುಕಲು ಹೋಗಬೇಡಿ, ಅದು ತಾನಾಗಿ ಆಗಬೇಕು. ನೀವು ಮಾಡಬೇಕಾದ್ದು ಒಂದೇ ಜಾಗಕ್ಕೆ, ಒಂದೇ ದಿನ, ಒಂದೇ ಹೊತ್ತಿಗೆ ಹೋಗುವುದು. ವಾರಕ್ಕೊಮ್ಮೆಯಾದರೂ. ದಿನಸಿಗೆ ಶನಿವಾರ ಬೆಳಿಗ್ಗೆ ಅದೇ ಅಂಗಡಿ, ಸಾಲು ಉದ್ದ ಇದ್ದರೂ ಅದೇ ಕ್ಯಾಷಿಯರ್. ದಿನಾ ಅದೇ ಬಸ್ಸು. ಎಂಟು ವಾರ ಬಿಡದೆ ಹೋಗಿ. ಮೂರನೇ ವಾರ ಯಾರೂ ಮಾತಾಡಿಸಲಿಲ್ಲ ಅಂತ ಬಿಡಬೇಡಿ. ಆಮೇಲೆ ಅಲ್ಲಿ ಏನಾದರೂ ಒಂದು ಕೆಲಸ ವಹಿಸಿಕೊಳ್ಳಿ, ಕುರ್ಚಿ ಜೋಡಿಸುವುದಾದರೂ ಸರಿ. ಕೈಯಲ್ಲಿ ಕೆಲಸ ಇದ್ದವರು ಬರದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ನಾನು ಮಾರ್ಚಿನಲ್ಲಿ ಕಡಿಮೆ ಆದಾಯದವರಿಗೆ ಪುಕ್ಕಟೆ ಟ್ಯಾಕ್ಸ್ ತುಂಬಿಕೊಡುವ ಸ್ವಯಂಸೇವಕರ ಜೊತೆ ಸೇರಿಕೊಂಡೆ. ಮೊದಲ ವರ್ಷ ಕಾಗದ ಜೋಡಿಸುವುದಷ್ಟೇ. ಮರುವರ್ಷ ನಾನೇ ತುಂಬಿಕೊಡುತ್ತಿದ್ದೆ.

ಕನ್ನಡ ಸಂಘಕ್ಕೆ ಹೋಗಿ, ಖಂಡಿತ ಹೋಗಿ. ಟೊರಾಂಟೊದಲ್ಲಿ ಕನ್ನಡ ಸಂಘ ಇದೆ. ರಾಜ್ಯೋತ್ಸವದ ದಿನ ಒಂದು ಹಾಲ್ ತುಂಬಾ ಕನ್ನಡ ಕೇಳಿದರೆ ಆಗುವ ಖುಷಿಯೇ ಬೇರೆ. ಆದರೆ ಅದು ವರ್ಷಕ್ಕೆ ಕೆಲವು ಸಲ ಮಾತ್ರ. ವಾರದ ಹಾಜರಿಗೆ ಕಾಲ್ನಡಿಗೆಯ ಜಾಗ ಬೇರೆಯೇ ಬೇಕು.

ಕೆಲಸ

ಬಯೋಡೇಟಾದಲ್ಲಿ ಫೋಟೋ, ವಯಸ್ಸು, ಮದುವೆ, ಜಾತಿ ಧರ್ಮ ಏನೂ ಬೇಡ. ಎರಡು ಪುಟ ಸಾಕು. ಹದಿನಾಲ್ಕು ವರ್ಷದ ಅನುಭವ ಇದ್ದರೂ ನನ್ನನ್ನು ಎಲ್ಲರೂ ಕೇಳಿದ್ದು "ಕೆನಡಾದ ಅನುಭವ ಇದೆಯಾ?" ಅಂತ. ಆ ಪ್ರಶ್ನೆ ಒಳಗೆ ಕೊರೆಯುತ್ತದೆ. 2013ರಲ್ಲೇ ಒಂಟಾರಿಯೊದ ಮಾನವ ಹಕ್ಕುಗಳ ಆಯೋಗ ಹಾಗೆ ಷರತ್ತು ಹಾಕುವುದು ಮೇಲ್ನೋಟಕ್ಕೇ ತಾರತಮ್ಯ ಅಂತ ಹೇಳಿತು. 2026ರ ಜನವರಿ 1ರಿಂದ 25 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಜಾಹೀರಾತಿನಲ್ಲಿ ಅದನ್ನು ಕೇಳುವಂತೆಯೇ ಇಲ್ಲ.

ಒಂದು ಏಜೆನ್ಸಿ ಕೆಲಸ ಕೊಡಿಸುತ್ತೇನೆ ಅಂತ ನನ್ನಿಂದ ಮುನ್ನೂರು ಡಾಲರ್ ತೆಗೆದುಕೊಂಡಿತು, ಆಮೇಲೆ ಫೋನ್ ಎತ್ತಲಿಲ್ಲ. ತಾತ್ಕಾಲಿಕ ಕೆಲಸ ಕೊಡಿಸುವ ಏಜೆನ್ಸಿಗಳು ಕೆಲಸಗಾರರಿಂದ ಫೀಸು ತೆಗೆದುಕೊಳ್ಳುವಂತಿಲ್ಲ ಅಂತ ಆಮೇಲೆ ಗೊತ್ತಾಯಿತು. ನೀವು ಮೊದಲೇ ತಿಳಿದುಕೊಂಡಿರಿ.

ನಾನು ಮೊದಲು ಒಂದು ಗೋದಾಮಿನಲ್ಲಿ ಪೆಟ್ಟಿಗೆಗೆ ಲೇಬಲ್ ಅಂಟಿಸಿದೆ. ಏಳು ತಿಂಗಳು. ಅದನ್ನು ಡೊಂಬಿವಲಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಅಪ್ಪಯ್ಯನಿಗೆ ಹೇಳಿದಾಗ ಅವರು ಕೇಳಿದ್ದು ಇಷ್ಟೇ, "ಕಾಲು ನೋಯುತ್ತಾ? ನಿಂತು ಕೆಲಸ ಮಾಡುವವರು ರಾತ್ರಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡಬೇಕು." ಮುಚ್ಚಿಡಬೇಡಿ. ಮುಚ್ಚಿಟ್ಟ ಕೆಲಸ ಎರಡು ಪಟ್ಟು ಆಯಾಸ ಮಾಡುತ್ತದೆ. ಟ್ಯಾಕ್ಸ್ ಶಿಬಿರದಲ್ಲಿ ನನ್ನ ಕೆಲಸ ನೋಡಿದ ಒಬ್ಬರು ಕೊನೆಗೆ ಬುಕ್‌ಕೀಪಿಂಗ್ ಕೆಲಸಕ್ಕೆ ಕರೆದರು.

ಫೋನಿನ ಎರಡು ತುದಿ

ಟೊರಾಂಟೊ ಸಮಯಕ್ಕೂ ನಮಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ. ಮಾರ್ಚಿನ ಎರಡನೇ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ. ಇದನ್ನು ಮನೆಯವರ ಕ್ಯಾಲೆಂಡರಿನಲ್ಲಿ ಬರೆದಿಟ್ಟು ಹೋಗಿ. ಇಲ್ಲದಿದ್ದರೆ ಆ ದಿನ ಅಮ್ಮ ಒಂದು ಗಂಟೆ ಗಾಬರಿಯಲ್ಲಿ ಕಾಯುತ್ತಾರೆ.

ಫೆಬ್ರವರಿಯ ನಂತರ ನಾವು ನಿಯಮ ಮಾಡಿಕೊಂಡೆವು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಉದ್ದದ ಕಾಲ್, ಅಂದರೆ ಡೊಂಬಿವಲಿಯಲ್ಲಿ ಸಂಜೆ ಆರೂವರೆ ಅಥವಾ ಏಳೂವರೆ. ಉಳಿದ ದಿನ ಐದು ನಿಮಿಷ. ಅಮ್ಮ ಮೊದಲು ಬೇಸರ ಮಾಡಿಕೊಂಡರು. ಆಮೇಲೆ ಅವರಿಗೂ ಸಂಜೆಯ ಭಜನೆಗೆ ಹೋಗಲು ಬಿಡುವಾಯಿತು.

ಈಗ ನಾನು ಈ ತುದಿಯಲ್ಲಿ ಮಗಳ ಕಾಲಿಗೆ ಕಾಯುತ್ತೇನೆ. ಕಾಯುವವರಿಗೆ ಏನು ಬೇಕು ಅಂತ ಈಗ ಗೊತ್ತಾಗಿದೆ. "ಎಲ್ಲ ಚೆನ್ನಾಗಿದೆ" ಅಂದರೆ ಹೊಟ್ಟೆ ತುಂಬುವುದಿಲ್ಲ. ಇವತ್ತು ಯಾವ ಸಾರು ಮಾಡಿದೆ, ಬಸ್ಸಿನಲ್ಲಿ ಪಕ್ಕ ಯಾರು ಕೂತಿದ್ದರು, ಅದು ಬೇಕು. ಫೋನನ್ನು ಕೈಯಲ್ಲಿ ಹಿಡಿದು ಅಡುಗೆ ಮನೆ ತೋರಿಸಿ. ಬೇಜಾರಿದ್ದರೆ ಬೇಜಾರು ಅಂತಲೇ ಹೇಳಿ. ಅವರು ಪರದೆ ನೋಡಿ ಕಂಡುಹಿಡಿಯುವುದಕ್ಕಿಂತ ಅದು ಮೇಲು.

ಮಕ್ಕಳ ಜೊತೆ ಮನೆಯಲ್ಲಿ ಕನ್ನಡವನ್ನೇ ಮಾತಾಡಿ. ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ನಾನು ಕನ್ನಡ ಬಿಡಲಿಲ್ಲ, ಬೈಯಲೂ ಇಲ್ಲ. ಈಗ ಅಜ್ಜಿಯ ಜೊತೆ ಕುಂದಾಪ್ರ ಕನ್ನಡದಲ್ಲೇ ಜಗಳ ಆಡುತ್ತಾಳೆ.

ಸಾವಿನ ಮಾತು

ಇದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಹೊರಡುವ ಮೊದಲು ಮನೆಯಲ್ಲಿ ಕೂತು ಮಾತಾಡಿ. ಏನಾದರೂ ಆದರೆ ನಿಮಗಾಗಿ ಕಾಯಬೇಕಾ, ಬೇಡವಾ? ಅಪ್ಪಯ್ಯ 2016ರಲ್ಲಿ ಹೋದರು. ನಾನು ಮೂರನೇ ದಿನ ತಲುಪಿದೆ. ಕಾಯಬೇಡಿ ಅಂತ ನಾನೇ ತಮ್ಮನಿಗೆ ಮೊದಲೇ ಹೇಳಿಟ್ಟಿದ್ದೆ. ಮುಖ ನೋಡಲಾಗಲಿಲ್ಲ. ಆದರೆ ತಮ್ಮನ ಮೇಲೆ ಸಿಟ್ಟಿಲ್ಲ, ಅವನಿಗೂ ಅಪರಾಧಿ ಅನ್ನಿಸಲಿಲ್ಲ. ಬೊಜ್ಜದ, ಅಂದರೆ ಉತ್ತರಕ್ರಿಯೆಯ ತನಕ ಇದ್ದು, ಎಲ್ಲ ಕೈಯಾರೆ ಮಾಡಿದೆ.

ಒಬ್ಬರ ಟಿಕೆಟಿನಷ್ಟು ದುಡ್ಡು ಬೇರೆ ಖಾತೆಯಲ್ಲಿ ಇಟ್ಟಿರಿ, ಮುಟ್ಟಬೇಡಿ. ಪಾಸ್‌ಪೋರ್ಟು, ಪಿಆರ್ (ಕಾಯಂ ನಿವಾಸಿ) ಕಾರ್ಡಿನ ಅವಧಿ ಆಗಾಗ ನೋಡಿಕೊಳ್ಳಿ. ಪಿಆರ್ ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ಆ ದೇಶದ ಪೌರರಾದರೆ ಭಾರತದ ಪಾಸ್‌ಪೋರ್ಟ್ ಬಿಡಬೇಕಾಗುತ್ತದೆ, ಆಗ ತಡಮಾಡದೆ, ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗಲು ಆಗುವ ಓಸಿಐ ಕಾರ್ಡು ಮಾಡಿಸಿ. 2023ರ ಸೆಪ್ಟೆಂಬರ್ 21ರಿಂದ ಕೆನಡಾದ ಪೌರರಿಗೆ ಭಾರತದ ವೀಸಾ ಕೊಡುವುದು ನಿಂತುಹೋಗಿತ್ತು. ಅಮ್ಮ ಬಿದ್ದದ್ದು ಆಗಲೇ. ಓಸಿಐ ಇದ್ದುದರಿಂದ ಮರುದಿನವೇ ವಿಮಾನ ಹತ್ತಿದೆ. ಅದಿಲ್ಲದ ಒಬ್ಬ ಗೆಳತಿ ತಾಯಿಯ ಆಪರೇಷನ್ನಿಗೆ ಬರಲಾಗದೆ ಅಲ್ಲೇ ಉಳಿದಳು.

ಮೊದಲ ಸಲ ಊರಿಗೆ ಬರುವಾಗ

ಎರಡು ವರ್ಷದ ಮೇಲೆ ನಾನು ಬಂದಾಗ ಬೆಳಗಿನ ಫಾಸ್ಟ್ ಹತ್ತಲು ಸ್ಟೇಷನ್ನಿಗೆ ಓಡಿದೆ. ಗುಂಪಿನ ಇಬ್ಬರು ಕೆಲಸ ಬಿಟ್ಟಿದ್ದರು. ನನ್ನ ಜಾಗದಲ್ಲಿ ಹೊಸ ಹುಡುಗಿ ಕೂತಿದ್ದಳು. ಮಲ್ಲಿಗೆಯವಳು ಅವಳಿಗೂ ಒಂದು ಮೊಳ ಕೊಟ್ಟಳು, ನನಗೂ ಕೊಟ್ಟಳು. ನನಗೆ ದುಃಖವಾಯಿತು. ಹೀಗಾಗುತ್ತದೆ ಅಂತ ಗೊತ್ತಿದ್ದರೆ ಸ್ವಲ್ಪ ಹಗುರವಾಗುತ್ತದೆ ಅಂತ ನಿಮಗೆ ಮೊದಲೇ ಹೇಳುತ್ತಿದ್ದೇನೆ.

ಮೂರು ವಾರದ ರಜೆಯಲ್ಲಿ ಮೂವತ್ತು ಮನೆಗೆ ಊಟಕ್ಕೆ ಒಪ್ಪಿಕೊಳ್ಳಬೇಡಿ. ಬಂದ ಮೊದಲ ಎರಡು ದಿನ, ಹೊರಡುವ ಹಿಂದಿನ ದಿನ ಅಪ್ಪ ಅಮ್ಮನಿಗೆ ಮಾತ್ರ. ಕುಂದಾಪುರಕ್ಕೆ ಹೋಗುವುದಿದ್ದರೆ ಕುರ್ಲಾದಿಂದ ಹೊರಡುವ ಮತ್ಸ್ಯಗಂಧಾ ರೈಲಿನ ಟಿಕೆಟನ್ನು ಕೆನಡಾದಿಂದಲೇ ಬುಕ್ ಮಾಡಿ. ಉಡುಗೊರೆಗೆ ದುಡ್ಡಿನ ಮಿತಿ ಮೊದಲೇ ಗಂಡ ಹೆಂಡತಿ ಮಾತಾಡಿಕೊಳ್ಳಿ. ಪಟ್ಟಿಯಲ್ಲಿದ್ದ ವಾಚ್‌ಮನ್, ಇಸ್ತ್ರಿಯವನನ್ನು ಮರೆಯಬೇಡಿ. ಒಂದು ಚಾಕಲೇಟ್ ಪ್ಯಾಕೆಟ್ ಅವರಿಗೂ ತನ್ನಿ.

ವಾಪಸ್ ಹೊರಡುವಾಗ ಎರಡು ವಿಷಯ. ಲೈಬ್ರರಿಯ ಅಜ್ಜಿಗೆ ಅಂತ ಅಮ್ಮ ಒಂದು ಡಬ್ಬಿ ಕೊಟ್ಟರೆ ಅದನ್ನು ದೊಡ್ಡ ಬ್ಯಾಗಿಗೆ ಹಾಕಿ, ಉಪ್ಪಿನಕಾಯಿ ಆದರೆ ಮೂರು ಪ್ಲಾಸ್ಟಿಕ್ ಸುತ್ತಿ. ಅಲ್ಲಿನ ಮನೆಯ ಬೀಗದ ಕೈಯನ್ನು ಮಾತ್ರ ಚೆಕ್‌ಇನ್ ಬ್ಯಾಗಿನಲ್ಲಿ ಇಡಬೇಡಿ, ಕೈಚೀಲದ ಒಳಜೇಬಿನಲ್ಲಿಡಿ. ಬ್ಯಾಗ್ ಒಂದು ದಿನ ತಡವಾಗಿ ಬಂದರೂ ಬಾಗಿಲು ನೀವೇ ತೆಗೆಯಬೇಕಲ್ವಾ.